ಸಾಯಬಣ್ಣನ ಭೂತಕಾಲ

ಇಷ್ಟೆಲ್ಲ ಗದ್ದಲಕ್ಕೆ ಕಾರಣ ಒಂದು ‘ಡ್’. ಸಾಯಬಣ್ಣನ ಬಾಯಿಂದ ಅದು ಬೀಳಬಾರದಿತ್ತು, ಬಿತ್ತು.

ವಾಡಿಯಲ್ಲಿ ನೆಲಕ್ಕೆ ಹಾಸುವ ಫರಸಿ ಕಲ್ಲಿನ ಕಂಪನಿಯಲ್ಲಿ ಸಾಯಬಣ್ಣ ಹಾಜರಿ ಗುಮಾಸ್ತ. ಮನೆಗೆ ಕನ್ನಡ, ಕಚೇರಿಗೆ ಉರ್ದು. ನಿಜಾಮರ ರಾಜ್ಯದಲ್ಲಿ ಹೊಟ್ಟೆ ಹೊರೆಯಲು ಇವೆರಡು ಧಾರಾಳ ಸಾಕೆಂದು ಅವನು ನೆಮ್ಮದಿಯಿಂದಿದ್ದ. ಅಷ್ಟರಲ್ಲಿ ಕಂಪನಿಗೆ ಟರ್ನರ್ ಸಾಹೇಬರು ಬಂದರು. ಒಳ್ಳೆಯ ಮನುಷ್ಯ. ಹೆಂಡತಿ ಮಕ್ಕಳನ್ನು ವಿಲಾಯತಿಯಲ್ಲಿ ಬಿಟ್ಟು ಬಂದಿದ್ದರಿಂದ ಯಾರ ಮಕ್ಕಳನ್ನು ಕಂಡರೂ ಕರೆದು ಬಿಸ್ಕೀಟು ಕೊಡುತ್ತಿದ್ದರು. ಅವರಿಗೆ ಇದ್ದದ್ದು ಒಂದೇ ಹಟ. ಸೂಟಿ, ಅಂದರೆ ರಜೆ, ಬೇಕಾದವರು ತಾವೇ ಎದುರಿಗೆ ನಿಂತು ಇಂಗ್ಲಿಷಿನಲ್ಲಿ ಕೇಳಬೇಕು.

ಮೊದಲು ಹೀಗಿರಲಿಲ್ಲ. ಹೆಡ್ ಗುಮಾಸ್ತ ಮಡಿವಾಳಯ್ಯ ನಡುವೆ ನಿಂತು ಎಲ್ಲರ ಅಹವಾಲನ್ನೂ ಇಂಗ್ಲಿಷಿಗೆ ತಿರುಗಿಸುತ್ತಿದ್ದ. ಒಮ್ಮೆ ಸಾಯಬಣ್ಣನಿಗೆ ವಿಪರೀತ ಹಲ್ಲುನೋವು. ಮಡಿವಾಳಯ್ಯ ‘ಟೂತ್’ ಅನ್ನುವ ಕಡೆ ‘ಬೂಟ್’ ಅಂದ. ಸಾಹೇಬರು ಅಯ್ಯೋ ಪಾಪ ಎಂದು ತಮ್ಮ ಹಳೆಯ ಬೂಟುಗಳನ್ನು ಕೊಟ್ಟರು. ಸಾಯಬಣ್ಣ ಎರಡು ದಿನ ಬೂಟು ಹಾಕಿಕೊಂಡು, ಗಲ್ಲ ಹಿಡಿದುಕೊಂಡು ಹಾಜರಿ ಕರೆದ. ವಿಷಯ ತಿಳಿದ ಮೇಲೆ ಸಾಹೇಬರು ನಡುವಿನ ಮನುಷ್ಯನೇ ಬೇಡ ಅಂದುಬಿಟ್ಟರು.

ಈಗ ಸಾಯಬಣ್ಣನಿಗೆ ಸೂಟಿ ಬೇಕಾಗಿತ್ತು. ಹೆಂಡತಿ ನೀಲಾಬಾಯಿ ಚೊಚ್ಚಲ ಬಾಣಂತನಕ್ಕೆಂದು ಸೇಡಂನ ತವರಿಗೆ ಹೋಗಿದ್ದಳು. ಹೆರಿಗೆಗೆ ಇನ್ನೂ ಎರಡು ತಿಂಗಳಿತ್ತು. ಆ ಹೊತ್ತಿಗೆ ತಾನು ಅಲ್ಲಿರಲೇಬೇಕೆಂದು ಅವನಿಗೆ ಆಸೆ. ಹೋಗುವಾಗ ಅವಳೂ ಬಾಗಿಲಲ್ಲಿ ನಿಂತು, “ನೀವು ಬರಲಿಲ್ಲಂದ್ರ ಕೂಸಿನ ಮಾರಿ ತೋರಸಂಗಿಲ್ಲ ನೋಡ್ರಿ” ಎಂದು ಹೆದರಿಸಿ ಹೋಗಿದ್ದಳು. ಹಾಗಾಗಿ ಅವನು ಸಂಜೆ ಹೊತ್ತು ಗನಿಸಾಬರ ಹತ್ತಿರ ಇಂಗ್ಲಿಷು ಕಲಿಯಲು ಕೂತ.

ಗನಿಸಾಬರು ರಿಟೈರಾದ ರೈಲ್ವೆ ಗಾರ್ಡು. ಹಿತ್ತಾಳೆ ಗುಂಡಿಯ ಕರೀ ಕೋಟನ್ನು ಇನ್ನೂ ಬಿಟ್ಟಿರಲಿಲ್ಲ. ಸ್ಟೇಶನ್ನಿನ ಬೇಲಿ ಪಕ್ಕದ ಬೇವಿನ ಮರವೇ ಅವರ ಶಾಲೆ.

“ನೋಡು ಮಿಯಾ, ಇಂಗ್ಲೀಷಿನಾಗ ಗಾಡಿ ಮೂರು. ಹೋದ ಗಾಡಿ, ನಿಂತ ಗಾಡಿ, ಬರೋ ಗಾಡಿ. ಹೋದ ಗಾಡಿಗಿ ಹಿಂದ ‘ಡ್’ ಹಚ್ಚಬೇಕು. ಬರೋ ಗಾಡಿಗಿ ಮುಂದ ‘ವಿಲ್’ ಹಚ್ಚಬೇಕು. ಹಿಂದಿಂದು ಮುಂದ, ಮುಂದಿಂದು ಹಿಂದ ಹಚ್ಚಿದಿ ಅಂದ್ರ ಡಬ್ಬಿ ಪಲ್ಟಿ!”

ಒಂದು ತಿಂಗಳು ಪೂರ್ತಿ ‘ಡ್’ ಹಚ್ಚುವುದರಲ್ಲೇ ಕಳೆಯಿತು. ಸಾಯಬಣ್ಣ ಉಣ್ಣುವಾಗಲೂ ‘ವಾಕ್ಡ್, ಟಾಕ್ಡ್, ಕುಕ್ಡ್’ ಅನ್ನುತ್ತಿದ್ದ. ‘ವಿಲ್’ ಶುರುವಾದದ್ದು ನಿನ್ನೆ ಸಂಜೆ ಮಾತ್ರ.

ಬೆಳಿಗ್ಗೆ ಸಾಹೇಬರ ಕೋಣೆಯ ಮುಂದೆ ನಿಂತು ‘ಮೈ ವೈಫ್ ವಿಲ್ ಡೆಲಿವರ್ ಎ ಬೇಬಿ’ ಎಂದು ಮನಸ್ಸಿನಲ್ಲೇ ತಿರುವಿ ಹಾಕಿದ. ಒಳಗೆ ಹೋದ. ಸಾಹೇಬರು ತಲೆಯೆತ್ತಿ ನೀಲಿ ಕಣ್ಣಿಂದ ನೋಡಿದರು. ‘ವಿಲ್’ ಉಗುಳಿನ ಜೊತೆ ಗಂಟಲಲ್ಲಿ ಇಳಿದುಹೋಯಿತು. ತಿಂಗಳಿಡೀ ತಿದ್ದಿದ ‘ಡ್’ ಮಾತ್ರ ಪಳಗಿದ ಎತ್ತಿನಂತೆ ತಾನಾಗಿ ಬಂದು ಬಾಲಕ್ಕೆ ನಿಂತಿತು.

“ಸರ್! ಮೈ ವೈಫ್ ಡೆಲಿವರ್ಡ್ ಎ ಬೇಬಿ!”

ಸಾಹೇಬರು ಕುರ್ಚಿಯಿಂದ ಪುಟಿದೆದ್ದು ಅವನ ಕೈ ಹಿಡಿದು ಕುಲುಕಿದರು. “ಬಾಯ್?” ಎಂದು ಕೇಳಿದರು. ಸಾಯಬಣ್ಣನಿಗೆ ಅರ್ಥವಾಗದ ಪ್ರಶ್ನೆಗಳಿಗೆಲ್ಲ ಒಂದೇ ಉತ್ತರ.

“ಎಸ್ ಸರ್.”

ಅವನು ಹೊರಗೆ ಬರುವಷ್ಟರಲ್ಲಿ ಗಂಟೆ ಹೊಡೆಯಿತು. ಸಾಯಬಣ್ಣನಿಗೆ ಗಂಡು ಮಗು ಹುಟ್ಟಿದ ಖುಷಿಗೆ ಇಡೀ ಖಣಿಗೆ ಅರ್ಧ ದಿನ ಸೂಟಿ! ಕಲ್ಲು ಒಡೆಯುವವರು ಸುತ್ತಿಗೆ ಒಗೆದು ಓಡಿಬಂದು ಅವನನ್ನು ಹೆಗಲ ಮೇಲೆ ಕೂರಿಸಿಕೊಂಡರು. ಕೆಳಗಿಳಿದವನೇ ಸಾಯಬಣ್ಣ ಮಡಿವಾಳಯ್ಯನನ್ನು ಮೂಲೆಗೆ ಎಳೆದ.

“ಅಣ್ಣಾರ, ಘಾತ ಆತು. ಕೂಸು ಇನ್ನಾ ಹುಟ್ಟಿಲ್ರಿ. ನಾ ಮುಂದಿನ ತಿಂಗಳ ಸೂಟಿ ಕೇಳಾಕ ಹೋಗಿದ್ದೆ.”

ಮಡಿವಾಳಯ್ಯನ ಹಣೆಯ ವಿಭೂತಿ ಬೆವರಿಗೆ ಕರಗಿತು. “ಏ ತಮ್ಮಾ, ಗಂಟಿ ಹೊಡಿಸಿದಾಂವ ನಾನು. ಮಂದಿ ಆಗಲೇ ಮನಿ ಮುಟ್ಯಾರ. ಈಗ ಖರೇ ಹೇಳಿದಿ ಅಂದ್ರ ಸಾಹೇಬ್ರು ನಿನಗ ಸುಳ್ಳುಗಾರ ಅಂತಾರ, ನನಗ ಹುಚ್ಚ ಅಂತಾರ. ಸುಮ್ಮನ ಮನಿಗಿ ಹೋಗು. ತಿಂಗಳದಾಗ ಹ್ಯಾಂಗೂ ಹುಟ್ಟತದ. ಎರಡು ದಿನ ಆ ಕಡಿ ಈ ಕಡಿ.”

ತಿಂಗಳನ್ನು ಎರಡು ದಿನ ಮಾಡುವ ಈ ಲೆಕ್ಕ ಸಾಯಬಣ್ಣನಿಗೆ ಹಿಡಿಸದಿದ್ದರೂ ಬೇರೆ ದಾರಿ ಇರಲಿಲ್ಲ. ಆದರೆ ಸುದ್ದಿ ಅವನಿಗಿಂತ ಮೊದಲೇ ಮನೆ ಸೇರಿತ್ತು. ಪಕ್ಕದ ಮನೆಯ ಅಮೃತಮ್ಮ ಸೀರೆಯ ಸೆರಗು ಸೊಂಟಕ್ಕೆ ಸಿಕ್ಕಿಸಿ, ಅವನ ಅಂಗಳದಲ್ಲೇ ಒಲೆ ಹೂಡಿ ಬಾಣಂತಿಗೆ ಕೊಡುವ ಅಂಟಿನ ಉಂಡಿಗೆ ಬೆಲ್ಲ ಕಾಯಿಸುತ್ತಿದ್ದಳು. ಓಣಿಯ ಹೆಂಗಸರು ಸುತ್ತ ಕೂತು ಕೊಬ್ಬರಿ ಹೆರೆಯುತ್ತಿದ್ದರು.

“ಅಮೃತಕ್ಕಾ, ಒಲಿ ಆರಸು. ಕೂಸು ಆಗಿಲ್ಲ,” ಅಂದ ಸಾಯಬಣ್ಣ.

“ನೋಡ್ರೆವ್ವಾ!” ಎಂದು ಅಮೃತಮ್ಮ ಎಲ್ಲರ ಕಡೆ ತಿರುಗಿದಳು. “ಗಂಡು ಕೂಸಿಗಿ ದೃಷ್ಟಿ ಆಗಬಾರ್ದಂತ ಹಿಂಗ ಹೇಳಾಕತ್ತಾನ. ತಂದಿ ಕರಳು ಅಂದ್ರ ಇದು!”

“ಇಲ್ಲವ್ವಾ, ಖರೇನ ಆಗಿಲ್ಲ!”

“ಹೌದಪಾ, ಆಗಿಲ್ಲ, ಆಗಿಲ್ಲ,” ಎಂದು ಅಮೃತಮ್ಮ ಕಣ್ಣು ಹೊಡೆದು, ಅವನ ಕಣ್ಣ ಮುಂದೆಯೇ ಕೂಸಿನ ತಲೆಗೆ ಹೊಲಿದಿಟ್ಟ ಕುಂಚಿಗಿ ತೆಗೆದು ಕೊಡವಿದಳು. ಅವನು ಇಲ್ಲ ಇಲ್ಲ ಅಂದಷ್ಟೂ ಹೆಂಗಸರ ನಂಬಿಕೆ ಹಿಟ್ಟಿಗೆ ನೀರು ಬಿದ್ದಂತೆ ಗಟ್ಟಿಯಾಯಿತು.

ಆಗ ಓಣಿಯ ಬಾಯಿಗೆ ಮೋಟರು ಬಂದು ನಿಂತಿತು. ಸಾಹೇಬರು ಸ್ವತಃ ಇಳಿದರು. ಜೊತೆಗೆ ಮಾತು ತಿಳಿಸಲೆಂದು ಸ್ಟೇಶನ್ನಿನಿಂದ ಗನಿಸಾಬರನ್ನೂ ಹತ್ತಿಸಿಕೊಂಡು ಬಂದಿದ್ದರು. ಸಾಹೇಬರು ನಗುತ್ತ ಏನೋ ಹೇಳಿದರು. ಗನಿಸಾಬರು ಕೋಟಿನ ಗುಂಡಿ ಹಾಕಿಕೊಳ್ಳುತ್ತ ಗಂಭೀರವಾಗಿ ತಿಳಿಸಿದರು: “ತಂದಿ ಆದಾಂವ ಮಗನ ಮಾರಿ ನೋಡದೇ ಇರಬಾರ್ದು ಅಂತಾರ. ಸೇಡಂಗ ತಾವೇ ಕರಕೊಂಡು ಹೋಗ್ತಾರಂತ. ಹತ್ತು, ಹತ್ತು.”

ಸಾಯಬಣ್ಣ ಮೋಟರಿನ ಬಾಗಿಲು ಹಿಡಿದು ನಿಂತುಬಿಟ್ಟ. ಹತ್ತಲು ಅವನು ತಡಮಾಡಿದ್ದನ್ನು ಆನಂದವೆಂದು ತಿಳಿದ ಸಾಹೇಬರು ತಾವೇ ತೋಳು ಹಿಡಿದು ಒಳಗೆ ಕೂಡಿಸಿದರು. ಅಮೃತಮ್ಮ ಯಾರ ಅಪ್ಪಣೆಗೂ ಕಾಯದೆ ಉಂಡಿಯ ಡಬ್ಬಿ, ಕುಂಚಿಗಿ, ಸಾಲದ್ದಕ್ಕೆ ಒಂದು ಮರದ ತೊಟ್ಟಿಲನ್ನೂ ತಂದು ಅವನ ತೊಡೆಯ ಮೇಲಿಟ್ಟು, ಪಕ್ಕದಲ್ಲಿ ಕೂತಳು. ಸಾಯಬಣ್ಣ ತೊಟ್ಟಿಲ ಸಂದಿಯಿಂದ ಪಂಜರದ ಗಿಳಿಯಂತೆ ಹೊರಗೆ ನೋಡತೊಡಗಿದ.

ಮೋಟರು ಹೊರಟ ಮೇಲೆ ಅವನು ಮುಂದಕ್ಕೆ ಬಾಗಿ ಪಿಸುಗುಟ್ಟಿದ. “ಉಸ್ತಾದ್, ನಂದು ಬರೋ ಗಾಡಿ ಇತ್ತು. ತಪ್ಪಿ ಹೋದ ಗಾಡಿ ಆತು. ಸಾಹೇಬ್ರಿಗಿ ನೀವ ಹೇಳ್ರಿ.”

ಗನಿಸಾಬರ ಗಡ್ಡ ನಡುಗಿತು. “ಯಾ ಅಲ್ಲಾ! ‘ವಿಲ್’ ನುಂಗಿದೇನು? ಈಗ ಸಾಹೇಬ್ರು ಹೇಳಾಕತ್ತಿದ್ರು, ಗನಿಸಾಬ, ನಿನ್ನ ಶಾಗಿರ್ದ ಭಾಳ ಚಂದ ಮಾತಾಡಿದ, ಕಂಪನಿ ಮಂದಿಗೆಲ್ಲಾ ನೀನೇ ಕಲಸು ಅಂತ. ನನಗ ಇಂದೇ ನೌಕರಿ ಸಿಕ್ಕದ ಮಿಯಾ. ಇಂದೇ ಕಳೀಬೇಕೇನು? ಬಾಯಿ ಮುಚ್ಚಿಕೊಂಡು ಕೂಡು.”

ಇನ್ನು ಮೋಟರು ಕೆಡಬೇಕೆಂದು ಬೇಡಿಕೊಳ್ಳುವುದೊಂದೇ ಉಳಿದಿತ್ತು. ಚಿತ್ತಾಪುರ ದಾಟಿದ ಮೇಲೆ ಒಂದು ಹಳ್ಳದಲ್ಲಿ ದೇವರು ಕಣ್ಣು ತೆರೆದ. ಹಿಂದಿನ ಗಾಲಿಗಳು ಅರ್ಧಕ್ಕರ್ಧ ಉಸುಕಿನಲ್ಲಿ ಇಳಿದು ನಿಂತವು. ಸಾಯಬಣ್ಣನ ಮುಖದಲ್ಲಿ ಬೆಳಗಿನಿಂದ ಮೊದಲ ಸಲ ನಗು ಕಾಣಿಸಿತು.

“ಇನ್ನ ಆಗಂಗಿಲ್ರಿ. ತಿರುಗಿ ಹೋಗಾಮು,” ಅಂದ.

ಅಮೃತಮ್ಮ ತಲೆ ಹೊರಗೆ ಹಾಕಿ, ಅತ್ತಿತ್ತಲ ಹೊಲಗಳಿಗೆಲ್ಲ ಕೇಳುವಂತೆ ಕೂಗಿದಳು. “ಏ ಅಣ್ಣಗೋಳ್ರ್ಯಾ! ಚೊಚ್ಚಲ ಮಗನ್ನ ನೋಡಾಕ ಹೊಂಟಾನ, ಬರ್ರ್ಯೋ!”

ಕಳೆ ತೆಗೆಯುತ್ತಿದ್ದವರು, ಎಡೆ ಹೊಡೆಯುತ್ತಿದ್ದವರು, ಕುರಿ ಕಾಯುವವರು, ಎಲ್ಲರೂ ಓಡಿಬಂದರು. ಎರಡು ಜೋಡಿ ಎತ್ತು ಕಟ್ಟಿ ಒಂದೇ ಉಸಿರಿಗೆ ಮೋಟರನ್ನು ದಂಡೆಗೆ ಎಳೆದು, ಆಮೇಲೆ ಕಿಟಕಿಯಲ್ಲಿ ಕೈ ಹಾಕಿ ಸಾಯಬಣ್ಣನ ಬೆನ್ನು ತಟ್ಟಿದರು. ಒಬ್ಬ ಮುದುಕ ತೊಟ್ಟಿಲಿಗೆ ಒಂದು ಹಿಡಿ ಜೋಳ ಹಾಕಿ ಹರಸಿದ. ಸಾಹೇಬರು ಈ ದೇಶದ ಜನರ ಪ್ರೀತಿ ಕಂಡು ಕಣ್ಣೊರೆಸಿಕೊಂಡರು. ಸಾಯಬಣ್ಣನೂ ಒರೆಸಿಕೊಂಡ, ಅವನ ಕಾರಣ ಬೇರೆ.

ಸೇಡಂನಲ್ಲಿ ಮಾವ ಹಣಮಪ್ಪನ ಮನೆ ಮುಂದೆ ಮೋಟರು ನಿಂತಾಗ ಇಳಿಹೊತ್ತು. ಬಾಗಿಲಲ್ಲಿ ಹೆಂಗಸರ ಗುಂಪು. ಹಣಮಪ್ಪ ಕಟ್ಟೆಯ ಮೇಲೆ ಟವೆಲ್ಲಿನಿಂದ ಮುಖ ಮುಚ್ಚಿಕೊಂಡು ಕೂತಿದ್ದ. ಸಾಯಬಣ್ಣ ತೊಟ್ಟಿಲು ಹೊತ್ತುಕೊಂಡೇ ಇಳಿದ. ಇಲ್ಲೇ ಸಾಹೇಬರ ಕಾಲು ಹಿಡಿದು ಎಲ್ಲ ಹೇಳಿಬಿಡುವುದೆಂದು ಬಾಯಿ ತೆರೆದ.

ಒಳಗಿನಿಂದ ಕೂಸು ಅತ್ತಿತು.

ತೆರೆದ ಬಾಯಿ ಹಾಗೇ ಉಳಿಯಿತು. ತನ್ನ ಬಾಯಿಂದ ಬಿದ್ದ ‘ಡ್’ ಇಷ್ಟು ಶಕ್ತಿವಂತವೇ? ಅಮೃತಮ್ಮ ಗುಂಪು ಸೀಳಿಕೊಂಡು ಒಳಗೆ ನುಗ್ಗಿದಳು. ಹಿಂದಿರುಗಿದಾಗ ಹಳೇ ಸೀರೆಯಲ್ಲಿ ಸುತ್ತಿದ ಕೆಂಪು ಕೂಸು ಅವಳ ತೋಳಲ್ಲಿತ್ತು, ಮುಖದಲ್ಲಿ ಮಾತ್ರ ಹೋದಾಗಿನ ಸಂಭ್ರಮವಿರಲಿಲ್ಲ.

“ಗಂಡು ಖರೇ,” ಎಂದು ಸಾಯಬಣ್ಣನ ಕಿವಿಯಲ್ಲಿ ಉಸುರಿದಳು. “ಆದ್ರ ನಿಂದಲ್ಲೋ ತಮ್ಮಾ. ನಿನ್ನ ಹೇಣ್ತಿ ತಮ್ಮ ಇಂವ. ನಿಮ್ಮತ್ತಿ ಮಾಣಿಕಮ್ಮ ಮುಂಜಾನಿ ಹಡದಾಳ. ನೀಲಾಬಾಯಿ ಅಲ್ಲೇ ಹೊಟ್ಟಿ ಹೊತ್ತು ಬಾಣಂತಿಗಿ ನೀರು ಕಾಸಾಕತ್ತಾಳ.”

ಸಾಯಬಣ್ಣ ಮಾವನ ಕಡೆ ನೋಡಿದ. ಹಣಮಪ್ಪ ಟವೆಲ್ಲಿನ ಒಂದು ಮೂಲೆ ಎತ್ತಿ, “ಅಳಿಯನ ಮುಂದ ಹ್ಯಾಂಗ ಹೇಳಬೇಕು ಮಾರಾಯಾ? ಬಸುರಿ ಮಗಳ ಕುಬಸ ಮಾಡೋ ವಯಸ್ಸಿನಾಗ…” ಎಂದು ಮತ್ತೆ ಮುಚ್ಚಿಕೊಂಡ.

ಅಷ್ಟರಲ್ಲಿ ಸಾಹೇಬರು ಟೊಪ್ಪಿಗೆ ತೆಗೆದು ಕೂಸನ್ನು ಎರಡೂ ಕೈಯಲ್ಲಿ ಎತ್ತಿಕೊಂಡಿದ್ದರು. ಕೂಸು ಅವರ ಬೆರಳು ಹಿಡಿದು ಅಳು ನಿಲ್ಲಿಸಿತು. ಸಾಹೇಬರು ಅದರ ಮೂಗನ್ನೂ ಸಾಯಬಣ್ಣನ ಮೂಗನ್ನೂ ಪಾಳಿಯ ಮೇಲೆ ನೋಡಿ ಏನೋ ಅಂದರು. ಗನಿಸಾಬರು, “ಮೂಗು ಥೇಟ್ ತಂದೀದು ಅಂತಾರ,” ಎಂದು ತಿಳಿಸಿದರು. ಕಟ್ಟೆಯ ಮೇಲಿನ ಟವೆಲ್ಲು ಅಲುಗಿತು.

ಇಷ್ಟು ಖುಷಿಯಲ್ಲಿದ್ದ ಮನುಷ್ಯನಿಗೆ ಖರೇ ಹೇಳುವ ಧೈರ್ಯ ಯಾರಿಗೂ ಬರಲಿಲ್ಲ. ಹಣಮಪ್ಪನಂತೂ ಅಳಿಯನ ಕೈ ಹಿಡಿದು, “ಸಾಹೇಬ್ರು ಹೋಗೋ ತನಕ ನಿಂದೇ ಅನ್ನಪಾ. ನನ್ನ ಮರ್ಯಾದಿ ಉಳೀತದ,” ಎಂದು ಗೋಗರೆದ. ಸಾಹೇಬರು ಎರಡು ಅಂಟಿನ ಉಂಡಿ ತಿಂದು, ಒಂದನ್ನು ಜೇಬಿಗೆ ಹಾಕಿಕೊಂಡು, ಅಲ್ಲೇ ನಿಂತ ಕಾಲಲ್ಲಿ ಸಾಯಬಣ್ಣನಿಗೆ ಒಂದು ವಾರ ಸೂಟಿ ಕೊಟ್ಟು ಹೊರಟುಹೋದರು.

ಆ ವಾರ ಸಾಯಬಣ್ಣ ಅತ್ತೆಯ ಬಾಣಂತನ ಮಾಡಿದ. ಕಟ್ಟಿಗೆ ಒಡೆದ, ನೀರು ಸೇದಿದ, ಹೆಂಡತಿಯ ತಮ್ಮನನ್ನು ತೊಟ್ಟಿಲಲ್ಲಿ ಹಾಕಿ ತೂಗಿದ. ನೀಲಾಬಾಯಿ ಗೋಡೆಗೊರಗಿ, ಹೊಟ್ಟೆ ಹಿಡಿದುಕೊಂಡು ನಕ್ಕಳು. “ಚಲೋ ಆತು ಬಿಡ್ರಿ, ಕೈ ಪಳಗತದ. ನಮ್ಮ ಕೂಸು ಹುಟ್ಟಿದಾಗ ಬರ್ತೀರಲ್ಲ?”

“ಬರ್ತೀನಿ. ಈ ಸಲ ತಪ್ಪಂಗಿಲ್ಲ,” ಅಂದ ಸಾಯಬಣ್ಣ.

ವಾಡಿಗೆ ತಿರುಗಿ ಬಂದವನೇ ಅವನು ಬೇವಿನ ಮರದ ಕೆಳಗೆ ತಪಸ್ಸಿಗೆ ಕೂತ. ಗನಿಸಾಬರು ಈಗ ಕಂಪನಿಯ ಇಂಗ್ಲಿಷ್ ಮಾಸ್ತರರು; ಈ ಶಿಷ್ಯನಿಗೆ ಮಾತ್ರ ‘ವಿಲ್’ ಬಿಟ್ಟು ಬೇರೇನೂ ಕಲಿಸಲಿಲ್ಲ. ದಿನ ತುಂಬಿತೆಂದು ಸೇಡಂನಿಂದ ಹೇಳಿಕಳಿಸಿದ ಬೆಳಿಗ್ಗೆ ಸಾಯಬಣ್ಣ ಮಡಿ ಧೋತರ ಉಟ್ಟು ಸಾಹೇಬರ ಮುಂದೆ ನಿಂತ.

“ಸರ್, ಮೈ ವೈಫ್ ವಿಲ್ ಡೆಲಿವರ್ ಎ ಬೇಬಿ. ಐ ವಿಲ್ ಗೋ ಟು ಸೇಡಂ.”

ಒಂದಕ್ಷರ ಆಚೀಚೆ ಆಗಿರಲಿಲ್ಲ. ಸಾಹೇಬರು ಪ್ರೀತಿಯಿಂದ ತಲೆಯಾಡಿಸಿದರು.

“ನೋ, ನೋ, ಸಾಯಬಣ್ಣ. ನಾಟ್ ವಿಲ್ ಡೆಲಿವರ್. ಡೆಲಿವರ್ಡ್!”

ಸಾಯಬಣ್ಣ ಬೆವರಿದ. “ನೋ ಸರ್! ವಿಲ್! ವಿಲ್!”

ಸಾಹೇಬರು ಎರಡೂ ತೋಳು ಕೂಡಿಸಿ, ತಾವು ಕೂಸನ್ನು ಎತ್ತಿಕೊಂಡಿದ್ದನ್ನು ಆಡಿಸಿ ತೋರಿಸಿದರು. ಕಣ್ಣಾರೆ ಕಂಡು, ಕೈಯಾರೆ ಎತ್ತಿದ ಮೇಲೆ ಇನ್ನೆಲ್ಲಿಯ ಭವಿಷ್ಯಕಾಲ? ಸೂಟಿಯೂ ಮುಗಿದುಹೋದದ್ದೇ. ಕಾಲಗಳ ವಿಷಯದಲ್ಲಿ ಈ ಪಾಪದವನು ಇನ್ನೂ ಬಲಹೀನ ಎಂದು ಅವರಿಗೆ ಮರುಕವಾಯಿತು. ಎದುರಿಗೆ ಕುರ್ಚಿ ಹಾಕಿ ಕೂಡಿಸಿ, ತಮ್ಮ ಕೆಲಸವನ್ನೆಲ್ಲ ಪಕ್ಕಕ್ಕಿಟ್ಟು, ತಾವೇ ಪಾಠ ಶುರುಮಾಡಿದರು.

ಅದೇ ಹೊತ್ತಿಗೆ ಸೇಡಂನಲ್ಲಿ ನೀಲಾಬಾಯಿಗೆ ಹೆಣ್ಣು ಕೂಸು ಹುಟ್ಟಿತು. ಇಲ್ಲಿ ವಾಡಿಯಲ್ಲಿ ಅದರ ತಂದೆ ಕೈಕಟ್ಟಿ ಕೂತು, ಸಾಹೇಬರು ಹೇಳಿಕೊಟ್ಟಂತೆ, ತಪ್ಪಿಲ್ಲದ ಇಂಗ್ಲಿಷಿನಲ್ಲಿ ಒಂದೇ ಸಮನೆ ಒಪ್ಪಿಸುತ್ತಿದ್ದ:

“ಮೈ ವೈಫ್ ಡೆಲಿವರ್ಡ್ ಎ ಬೇಬಿ… ಮೈ ವೈಫ್ ಡೆಲಿವರ್ಡ್ ಎ ಬೇಬಿ…”