ನೆಲ ಬಡಿದು ನೋಡುವವಳು

ನನ್ನ ಹೆಂಡತಿಗೆ ಮೇಲ್ನೋಟಕ್ಕೆ ಕಾಣುವ ಯಾವುದರ ಮೇಲೂ ನಂಬಿಕೆಯಿಲ್ಲ. ನನ್ನನ್ನು ಹೇಗೆ ಒಪ್ಪಿದಳೋ, ದೇವರೇ ಬಲ್ಲ! ಕಾತ್ರಜದಲ್ಲಿ ಫ್ಲ್ಯಾಟ್ ನೋಡಲು ಹೋದಾಗ ನಾನು ಅಡುಗೆಮನೆ, ಬಾಲ್ಕನಿ ನೋಡಿದರೆ ಇವಳು ನೆಲಕ್ಕೆ ಕೂತು ಟೈಲ್ಸ್ ಒಂದೊಂದನ್ನೇ ಬಡಿದು ಕಿವಿಗೊಟ್ಟು ಕೇಳಿದಳು. ಕೆಳಗಿನ ಮನೆಯವರು ಗಾಬರಿಯಿಂದ ಮೇಲೆ ಬಂದರು. ಈಗ ಅವರೇ ಕಲ್ಲಂಗಡಿ ತಂದರೆ ತಟ್ಟಿ ನೋಡಲು ಇವಳನ್ನು ಕರೆಯುತ್ತಾರೆ.

ಇವಳ ಉದ್ಯೋಗವೇ ಅಂಥದ್ದು. ಆಳವಾಗಿ ಕೊರೆದ ಬಾವಿಯಲ್ಲಿ ಮದ್ದು ಸಿಡಿಸುವುದು, ಸಾಲಾಗಿ ನೆಟ್ಟ ಸೆನ್ಸರ್‌ಗಳಲ್ಲಿ ಅದರ ಪ್ರತಿಧ್ವನಿ ಹಿಡಿಯುವುದು, ಭೂಖಂಡದ ಹೊರಪದರ ಎಷ್ಟು ದಪ್ಪ, ಒಳಗೆ ಏನೇನಿದೆ ಎಂದು ಲೆಕ್ಕ ಹಾಕುವುದು. ಇಲ್ಲಿನ ಕರಿಕಲ್ಲು ದನಿಯನ್ನೆಲ್ಲ ನುಂಗಿಹಾಕುತ್ತದೆ, ಹೊರಪದರದ ತಳ ಸಿಗುವುದಿಲ್ಲ ಎಂದು ಇವಳ ಮೇಲಧಿಕಾರಿ ಕೈಚೆಲ್ಲಿದ್ದರು. ಇವಳು ಹಟ ಹಿಡಿದು ಕೊನೆಯದೊಂದು ಸ್ಫೋಟಕ್ಕೆ ಅನುಮತಿ ಪಡೆದಳು. ಅದೂ ಕೈಕೊಟ್ಟರೆ ಕ್ಯಾಂಪ್ ಬಂದ್.

ಸಾತಾರಾ ರಸ್ತೆಯಾಚೆ ಹೊಲದಲ್ಲಿ ಎಲ್ಲ ಸಿದ್ಧವಾಯಿತು. ಬುತ್ತಿ ಹೊತ್ತು ನಾನೂ ಹೋಗಿದ್ದೆ. ಆಗಲೇ ಬರಬೇಕೇ ಮದುವೆ ಮೆರವಣಿಗೆ, ಬ್ಯಾಂಡ್ ಸಮೇತ! ಸೆನ್ಸರ್‌ಗೆ ಒಂದು ಹೆಜ್ಜೆಯೂ ಗೊತ್ತಾಗುತ್ತದೆ. ಇಲ್ಲಿ ಊರಿಗೆ ಊರೇ ಕುಣಿಯುತ್ತಿದೆ.

ಇವಳು ನೇರ ಕುದುರೆ ಏರಿದ್ದ ವರನ ಬಳಿ ಹೋಗಿ, ಒಂದು ನಿಮಿಷ ಎಲ್ಲರೂ ಅಲುಗಾಡದೆ ನಿಲ್ಲಬೇಕೆಂದು ಮರಾಠಿಯಲ್ಲಿ ಕೇಳಿಕೊಂಡಳು. ತಾನೇನೋ ನಿಲ್ಲುತ್ತೇನೆ, ಕುದುರೆಯದು ಮಾತ್ರ ಖಾತ್ರಿ ಇಲ್ಲ ಎಂದ ಆತ. ಇವಳು ನನ್ನ ಬುತ್ತಿಯ ಶೇಂಗಾ ಹೋಳಿಗೆಯನ್ನು ಕುದುರೆಗೆ ತಿನ್ನಿಸಿ, ಒಂದು ಕೈಯಲ್ಲಿ ಲಗಾಮು, ಇನ್ನೊಂದರಲ್ಲಿ ವಾಕಿಟಾಕಿ ಹಿಡಿದು ಅಪ್ಪಣೆ ಕೊಟ್ಟಳು. ದೂರದಲ್ಲಿ ಧಡ್ ಎಂದಿತು. ಕುದುರೆ ಮುಂಗಾಲೆತ್ತಿತು, ಪುಣ್ಯಕ್ಕೆ ಹಾಗೇ ಇಳಿಸಿತು.

ಕ್ಯಾಂಪಿನ ಗಾಡಿಯೊಳಗಿನ ಪರದೆಯ ಮೇಲೆ, ಸುಮಾರು ನಲವತ್ತು ಕಿಲೋಮೀಟರ್ ಆಳದ ತಳ ಮುಟ್ಟಿ ಬಂದ ಪ್ರತಿಧ್ವನಿ ನಿಚ್ಚಳವಾಗಿ ಮೂಡಿತ್ತು! ಮೇಲಧಿಕಾರಿ ಕನ್ನಡಕ ಒರೆಸಿಕೊಂಡು ಮತ್ತೆ ನೋಡಿದರು. ಇವಳು ಬ್ಯಾಂಡಿನವರಿಗೆ ಕೈಬೀಸಿ, ವರನ ಚಿಕ್ಕಮ್ಮಂದಿರ ಜೊತೆ ಕುಣಿದೇ ಕುಣಿದಳು. ಖಾಲಿ ಡಬ್ಬಿ ಹಿಡಿದು ನಾನೂ ಕುಣಿದೆ.

ಮರುದಿನ ಮನೆಯಲ್ಲಿ ಕೂತು, ದಾಖಲಾದ ಗೆರೆಗಳಿಂದ ಹೆದ್ದಾರಿಯ ಲಾರಿಗಳ ಗದ್ದಲವನ್ನೆಲ್ಲ ತೆಗೆದುಹಾಕುತ್ತಿದ್ದಳು. ಒಂದು ಕಡೆ ಮಾತ್ರ ಸಣ್ಣ ಅಲುಗಾಟ ಹಾಗೇ ಉಳಿದಿತ್ತು. ಇದನ್ನೇಕೆ ಬಿಟ್ಟೆ ಎಂದು ಕೇಳಿದೆ.

“ಕುದುರಿ ಕಾಲೆತ್ತಿದಾಗ ನೀವು ನನ್ನ ಕಡೆ ಓಡಿ ಬಂದ್ರಲ್ರಿ, ಅದು,” ಎಂದಳು. “ತಳದ ದನಿಗೇನೂ ಅಡ್ಡ ಬಂದಿಲ್ಲ. ಇರ್ಲಿ ಬಿಡ್ರಿ, ಇದನ್ನ ನಾ ಅಳಸಂಗಿಲ್ಲ.”

ನಾನು ಓಡಿದ್ದು ನನಗೇ ಗೊತ್ತಾಗಿರಲಿಲ್ಲ.