ಬಾವಲಿಗಳ ಪರವಾಗಿ ಒಂದು ಮಾತು

ಅಭಿಪ್ರಾಯವೆನ್ನುವುದು ಮನೆಯೊಳಗೆ ಇರುವ ತನಕ ಸಾಧುಪ್ರಾಣಿ. ಊಟವಾದ ಮೇಲೆ ಜಗಲಿಯಲ್ಲಿ ಕುಳಿತು ಎಲೆಅಡಿಕೆ ಜಗಿಯುತ್ತ ಸರ್ಕಾರ ಹೇಗಿರಬೇಕು, ಮಳೆ ಯಾವಾಗ ಬರಬೇಕು, ಪಕ್ಕದ ಮನೆಯವರು ಎಷ್ಟು ಹೊತ್ತಿಗೆ ಏಳಬೇಕು ಎಂದು ಹೇಳಿಕೊಂಡರೆ ಯಾರಿಗೂ ನಷ್ಟವಿಲ್ಲ. ಅದೇ ಅಭಿಪ್ರಾಯಕ್ಕೆ ಸ್ನಾನ ಮಾಡಿಸಿ, ಇಸ್ತ್ರಿ ಅಂಗಿ ತೊಡಿಸಿ ಸಭೆಗೆ ಕರೆದುಕೊಂಡು ಹೋದಿರೋ, ಅಲ್ಲಿ ಅದು ಯಾರ ಕೈ ಹಿಡಿದುಕೊಂಡು ಹೊರಟುಬಿಡುತ್ತದೆ ಎಂದು ಹೇಳಲಾಗುವುದಿಲ್ಲ. ನಾನು ಅಂಚೆ ಇಲಾಖೆಯಲ್ಲಿ ಕೂದಲು ನರೆಸಿಕೊಂಡವನು. ಬೇರೆಯವರ ಮಾತುಗಳಿಗೆ ಮುದ್ರೆಯೊತ್ತಿ, ಬರೆದ ವಿಳಾಸಕ್ಕೆ ತಪ್ಪದೆ ಮುಟ್ಟಿಸಿದವನು. ನನ್ನ ಸ್ವಂತ ಮಾತನ್ನು ಮಾತ್ರ ಹೊರಟ ಜಾಗದಿಂದ ಸೇರಬೇಕಾದ ಜಾಗಕ್ಕೆ ಒಂದು ಸಲವೂ ಮುಟ್ಟಿಸಲಾಗಲಿಲ್ಲ.

ನಿವೃತ್ತನಾದ ಮೇಲೆ ನಾವು ಟಿ. ನರಸೀಪುರದಲ್ಲಿ, ಮೂಗೂರಿನ ಕಡೆ ಹೋಗುವ ರಸ್ತೆಯ ಮಗ್ಗುಲಲ್ಲಿರುವ ನಮ್ಮ ಹಳೆಯ ಮನೆಯಲ್ಲೇ ನೆಲೆಯಾಗಿ ನಿಂತೆವು. ರಸ್ತೆಯ ಈ ಕಡೆ ನಮ್ಮ ಮನೆ, ಆ ಕಡೆ ಆಲದ ಜಾತಿಯದೊಂದು ಗೋಣಿಮರ. ಮರ ಎಂದರೆ ಸಾಲದು, ಅದೊಂದು ಸಂಸ್ಥಾನ. ಅದರ ಕೊಂಬೆಗಳು ರಸ್ತೆಯನ್ನು ದಾಟಿ, ನಮ್ಮ ಕಾಂಪೌಂಡನ್ನು ಲೆಕ್ಕಿಸದೆ, ಅಂಗಳದ ಮೇಲೆ ಬಂದು ನಿಂತಿವೆ. ಆ ಕೊಂಬೆಗಳ ತುಂಬ ಬಾವಲಿಗಳು. ಹಗಲೆಲ್ಲ ತಲೆಕೆಳಗಾಗಿ ನೇತಾಡಿಕೊಂಡು, ರಿಪೇರಿಗೆ ಬಿಟ್ಟು ಮರೆತ ಹಳೆಯ ಕೊಡೆಗಳಂತೆ ಕಾಣುತ್ತವೆ. ಮಲಗಿವೆ ಎಂದುಕೊಳ್ಳಬೇಡಿ. ಅವಕ್ಕೆ ಜಾಗದ ವ್ಯಾಜ್ಯ ಬಹಳ. ಒಂದರ ಪಕ್ಕಕ್ಕೆ ಇನ್ನೊಂದು ಸರಿದರೆ ಸಾಕು, ಇಡೀ ಮರ ಕಿಚಕಿಚ ಎನ್ನುತ್ತದೆ. ಮುಸ್ಸಂಜೆಯಾದೊಡನೆ ಜಗಳವನ್ನು ಹಾಗೆಯೇ ನಿಲ್ಲಿಸಿ ಹೊಳೆ ದಾಟಿ ತೋಟಗಳ ಕಡೆಗೆ ಹೋಗುತ್ತವೆ. ಬೆಳಕು ಹರಿಯುವ ಮುಂಚೆ ಹೊಟ್ಟೆ ತುಂಬಿಸಿಕೊಂಡು ಬಂದು ನಿಲ್ಲಿಸಿದಲ್ಲಿಂದಲೇ ಮುಂದುವರಿಸುತ್ತವೆ. ತುಂಬಿದ ಹೊಟ್ಟೆ ಮುಂದೇನು ಮಾಡುತ್ತದೆ ಎಂಬುದನ್ನು ನಾನು ವಿವರಿಸಬೇಕಾಗಿಲ್ಲ. ಒಂದು ತುಣುಕು ಮೋಡವಿಲ್ಲದ ಬೆಳಗಿನಲ್ಲಿ ನಾನು ಮನೆಯ ಬಾಗಿಲಿನಿಂದ ಗೇಟಿನ ತನಕ ಕೊಡೆ ಬಿಡಿಸಿಕೊಂಡು ಹೋಗಿ ಹಾಲು ತರುತ್ತೇನೆ. ಹೊಸಬರು ನಗುತ್ತಾರೆ. ಅವರು ಕೊಂಬೆಯ ಕೆಳಗೆ ಬರುವ ತನಕ ಕಾಯುತ್ತೇನೆ.

ಈ ಸ್ಥಿತಿಗೆ ನಾವಿಬ್ಬರೂ ಒಗ್ಗಿಕೊಂಡಿದ್ದೆವು. ಕೆಟ್ಟದ್ದು ನಮ್ಮ ಮಗಳು ಸುಮಳ ಬಾಣಂತನದ ಮಾತು ಬಂದಾಗ. ಅವಳನ್ನು ನಂಜನಗೂಡಿಗೆ ಕೊಟ್ಟಿದ್ದೇವೆ. ಚೊಚ್ಚಲು ಹೆರಿಗೆ ತವರಿನಲ್ಲಾಗಬೇಕು ಎಂಬುದು ಎಲ್ಲರಿಗೂ ಒಪ್ಪಿಗೆಯಾದ ಸಂಗತಿ. ಆದರೆ ಮಾತಾಡಿಕೊಂಡು ಹೋಗಲು ಬಂದ ಬೀಗಿತ್ತಿ, ಅಂಗಳದ ತಂತಿಯ ಮೇಲೆ ಒಣಗುತ್ತಿದ್ದ ನನ್ನ ಪಂಚೆಯನ್ನು ಬಹಳ ಹೊತ್ತು ನೋಡಿದರು. ಪಂಚೆಯ ಮೇಲೆ ನೇರಳೆಹಣ್ಣಿನ ಕಾಲದ ಗುರುತುಗಳಿದ್ದವು.

"ಅಲ್ಲ ಕಣ್ರೀ, ಮಗೀನ ಬಟ್ಟೇನೂ ಇಲ್ಲೇ ಒಣಗಾಕ್ತೀರಾ?" ಎಂದರು.

"ಇಲ್ಲ ಇಲ್ಲ, ಅಷ್ಟರಲ್ಲಿ ಏನಾದ್ರೂ ಏರ್ಪಾಟು ಮಾಡ್ತಾರೆ ನಮ್ಮನೆಯವರು" ಎಂದಳು ನನ್ನ ಹೆಂಡತಿ.

"ಮಾಡ್ಲಿ. ಆಮೇಲೆ ಕಳಿಸ್ತೀವಿ" ಎಂದು ಬೀಗಿತ್ತಿ ಕಾಫಿ ಲೋಟವನ್ನು, ಅದರ ಮೇಲೆ ಅಂಗೈ ಮುಚ್ಚಿಕೊಂಡೇ, ಒಳಗೆ ತೆಗೆದುಕೊಂಡು ಹೋದರು.

ಅಂದಿನಿಂದ ನನಗೆ ಮನೆಯಲ್ಲಿ ನಿಂತಲ್ಲಿ ನಿಲ್ಲಲಾಗಲಿಲ್ಲ, ಕೂತಲ್ಲಿ ಕೂರಲಾಗಲಿಲ್ಲ. ಮಗಳು ಹೆರಿಗೆಗೆ ತವರಿಗೆ ಬಾರದಿದ್ದರೆ ಕೇರಿಯಲ್ಲಿ ಮುಖ ತೋರಿಸುವುದು ಹೇಗೆ ಎಂದು ಹೆಂಡತಿ ದಿನಕ್ಕೊಂದು ದನಿಯಲ್ಲಿ ಕೇಳುತ್ತಿದ್ದಳು. ನಾನು ಅಂಗಳಕ್ಕೆ ಬಂದು ಮೇಲೆ ನೋಡುತ್ತಿದ್ದೆ. ಮೇಲಿನವು ತಲೆಕೆಳಗಾಗಿ ನನ್ನನ್ನು ನೋಡುತ್ತಿದ್ದವು. ಅವುಗಳ ಕಣ್ಣಿಗೆ ನಾನೂ ನೇತಾಡುತ್ತಿರುವಂತೆ ಕಾಣುತ್ತಿದ್ದಿರಬೇಕು. ಅದು ನಿಜವೂ ಆಗಿತ್ತು.

ಆ ಹೊತ್ತಿಗೆ ಸರಿಯಾಗಿ ಬಂತು ಸಾರ್ವಜನಿಕ ಸಭೆ. ಊರಿನ ಮುಂದಿನ ಬೆಳವಣಿಗೆಗೆ ಯೋಜನೆ ತಯಾರಾಗುತ್ತಿದೆ, ರಸ್ತೆ ಅಗಲವಾಗಲಿದೆ, ಇಲ್ಲಿನ ಪ್ರಕೃತಿಯಲ್ಲಿ ಯಾವುದನ್ನು ಉಳಿಸಿಕೊಳ್ಳಬೇಕು ಎಂಬ ಬಗ್ಗೆ ಜನ ಬಂದು ಹೇಳಬಹುದು ಎಂದು ಆಟೋದಲ್ಲಿ ಕೂಗಿಸಿದರು. ಹೆಂಡತಿ ಪೆಟ್ಟಿಗೆಯಿಂದ ನನ್ನ ಬಿಳಿ ಅಂಗಿ ತೆಗೆದುಕೊಟ್ಟಳು. "ರಸ್ತೆಗೋಸ್ಕರ ಮರ ತೆಗೀಬೇಕು, ನಮ್ಮ ಅಭ್ಯಂತರ ಇಲ್ಲ. ಇಷ್ಟೇ ಹೇಳಿ. ಭಾಷಣ ಬೇಡ" ಎಂದಳು. ನಾನು ದಾರಿಯುದ್ದಕ್ಕೂ ಆ ಮಾತನ್ನೇ ಬಾಯಿಪಾಠ ಮಾಡಿಕೊಂಡು ಹೋದೆ.

ಸಭೆ ಒಂದು ಕಲ್ಯಾಣಮಂಟಪದ ಊಟದ ಹಾಲಿನಲ್ಲಿತ್ತು. ಉದ್ದ ಟೇಬಲ್ಲುಗಳ ಮುಂದೆ ಸಾಲಾಗಿ ಕುಳಿತಿದ್ದರಿಂದ ಎಲ್ಲರ ಮುಖದಲ್ಲೂ ಇನ್ನೇನು ಎಲೆ ಹಾಕುತ್ತಾರೆ ಎಂಬ ನಿರೀಕ್ಷೆಯಿತ್ತು. ಗೋಡೆಯ ಮೇಲೆ ಬಣ್ಣದ ನಕ್ಷೆ ತೂಗುಹಾಕಿದ್ದರು. ಹಸಿರು ಬಳಿದಿರುವುದೆಲ್ಲ ಪ್ರಕೃತಿ ಎಂದು ಅಧಿಕಾರಿಗಳು ಕೋಲಿನಿಂದ ತೋರಿಸಿದರು. ಅವರು ಯುವಕರು, ವಿನಯವಂತರು, ಹೇಳಿದ್ದನ್ನೆಲ್ಲ ಬರೆದುಕೊಳ್ಳುತ್ತಿದ್ದರು. ಮೊದಲು ಎದ್ದವರು ಪಾರ್ಕಿನಲ್ಲಿ ಸಿಮೆಂಟಿನ ಜಿಂಕೆ ಮಾಡಿಸಿ ಒಳಗೆ ಬಲ್ಬು ಹಾಕಿದರೆ ಮಕ್ಕಳಲ್ಲಿ ಪರಿಸರಪ್ರೇಮ ಬೆಳೆಯುತ್ತದೆ ಎಂದರು. ಎರಡನೆಯವರು ಹೊಳೆಯ ದಡವನ್ನು ತುರ್ತಾಗಿ ಕಾಪಾಡಬೇಕು ಎಂದರು. ಕೆದಕಿ ಕೇಳಿದಾಗ, ಎದುರು ದಡದವರಿಂದ ಎಂದು ಗೊತ್ತಾಯಿತು. ಒಟ್ಟಿನಲ್ಲಿ ಪ್ರಕೃತಿಯನ್ನು ಉಳಿಸಬೇಕು ಎಂಬುದರಲ್ಲಿ ಸಭೆಗೆ ಒಂದಿಷ್ಟೂ ಅನುಮಾನವಿರಲಿಲ್ಲ. ಅದನ್ನು ಯಾರ ಮನೆಯ ಮುಂದೆ ಉಳಿಸಬೇಕು ಎಂಬುದೊಂದೇ ತೀರ್ಮಾನವಾಗಬೇಕಿತ್ತು.

ನಾನು ಏಳಬೇಕು ಎನ್ನುವಷ್ಟರಲ್ಲಿ ಪುಟ್ಟಮಾದಪ್ಪ ಎದ್ದ. ಗೋಣಿಮರದ ಹಿಂದೆ ಇರುವ ಖಾಲಿ ಜಾಗ ಇವನದು. ಅಲ್ಲಿ ಅಂಗಡಿಸಾಲು ಕಟ್ಟಿಸುವ ಆಸೆ ಅವನಿಗೆ ಬಹಳ ದಿನದ್ದು. ಅಡ್ಡ ನಿಂತಿರುವುದು ಮರ.

"ಸಾ, ನಂದೇನೂ ಸ್ವಾರ್ಥ ಇಲ್ಲ ಸಾ" ಎಂದು ಶುರು ಮಾಡಿದ. "ನನ್ ಜಾಗ ಮರದ ಇಂದ್ಗಡೆ ಅದೆ, ಅದು ಬ್ಯಾರೆ ಮಾತು. ಆದ್ರೆ ನಮ್ ಪೋಸ್ಟ್‌ಮಾಸ್ಟ್ರನ್ನ ನೋಡಿ. ವಯಸ್ಸಾದ ಜೀವ. ಆಲು ತರಕ್ಕೂ ಕೊಡೆ ಇಡ್ಕಂಡು ಓಯ್ತಾರೆ. ಆ ಬಾವ್ಲಿಗಳ ಕಾಟದಲ್ಲಿ ಮಗಳನ್ನ ಬಾಣಂತನಕ್ಕೆ ಕರ್ಕಬರಕ್ಕೂ ಆಗ್ದೆ ಕಣ್ಣೀರು ಆಕ್ತಾವ್ರೆ. ನೋಡುದ್ರೆ ಒಟ್ಟೆ ಉರೀತದೆ ಸಾ. ಅವ್ರ ಮಕ ನೋಡಾದ್ರೂ ಆ ಮರ ಕಡಿಸ್ಬುಡಿ."

ಹಾಲಿನಲ್ಲಿದ್ದವರೆಲ್ಲ ತಿರುಗಿ ನನ್ನ ಮುಖ ನೋಡಿದರು. ಅದರಲ್ಲಿ ಕಣ್ಣೀರನ್ನು ಹುಡುಕಿದರು. ನಾನು ಹೇಳಬೇಕೆಂದಿದ್ದ ಮಾತನ್ನೇ ಅವನು ಹೇಳಿದ್ದ. ಹೌದು ಎಂದು ತಲೆಯಾಡಿಸಿ ಕುಳಿತಿದ್ದರೆ ಕೆಲಸ ಮುಗಿಯುತ್ತಿತ್ತು. ಆದರೆ ನನ್ನಲ್ಲೊಂದು ಐಬಿದೆ. ನನ್ನನ್ನು ಬೈದರೆ ತಡೆದುಕೊಳ್ಳುತ್ತೇನೆ. ನನ್ನ ಮೇಲೆ ಯಾರಾದರೂ ಕನಿಕರಪಟ್ಟರೆ, ಅದರಲ್ಲೂ ಪುಟ್ಟಮಾದಪ್ಪ ಪಟ್ಟರೆ, ನಾನು ನನ್ನ ಕಡೆಯೇ ಇರುವುದಿಲ್ಲ. ಎದ್ದು ನಿಂತೆ. ಬಾಯಿ ತೆರೆದೆ. ಹೆಂಡತಿ ಇಸ್ತ್ರಿ ಮಾಡಿಕೊಟ್ಟ ಅಂಗಿಯೊಳಗಿಂದ ಯಾರೋ ಬೇರೆಯವರು ಮಾತಾಡತೊಡಗಿದರು.

"ಸ್ವಾಮಿ, ಕಣ್ಣೀರು ಹಾಕಿದ್ದು ನಾನಲ್ಲ. ಆ ಬಾವಲಿಗಳು ನಮ್ಮ ತಾತನ ಕಾಲಕ್ಕೂ ಹಿಂದಿನಿಂದ ಈ ಊರಿನ ಖಾಯಂ ನಿವಾಸಿಗಳು. ನಮ್ಮ ಮನೆ ಆಮೇಲೆ ಬಂದದ್ದು. ಹೊಳೆದಂಡೆಯ ಅತ್ತಿ, ಗೋಣಿ, ನೇರಳೆಯನ್ನೆಲ್ಲ ನೆಟ್ಟವರು ಯಾರು ಅಂದುಕೊಂಡಿದ್ದೀರಿ? ಇವು ತಿಂದು ಉಗುಳಿದ ಬೀಜ. ನಾವು ಹಾಕಿದ ಸಸಿ ಎಷ್ಟು ಬದುಕಿವೆ, ಇವು ಹಾಕಿದವು ಎಷ್ಟು ಬದುಕಿವೆ, ಎದೆ ಮುಟ್ಟಿಕೊಂಡು ಹೇಳಿ. ಆ ಮರ ಹೋದರೆ ಇವು ಎಲ್ಲಿಗೆ ಹೋಗಬೇಕು? ಸಿಮೆಂಟ್ ಜಿಂಕೆಯ ಕೊಂಬಿಗೆ ಜೋತುಬೀಳಬೇಕೇ?"

ಹೇಳುತ್ತಾ ಹೇಳುತ್ತಾ ನನಗೇ ಅದು ನಿಜವೆನ್ನಿಸಿತು. ನಿಜವೇ ಆಗಿತ್ತು ಕೂಡ. ಇಷ್ಟು ವರ್ಷ ಕೊಡೆಯ ಕೆಳಗಿದ್ದುದರಿಂದ ನನಗದು ಕಂಡಿರಲಿಲ್ಲ. ಹಿಂದಿನಿಂದ ಮೂಗೂರಿನ ರೈತರೊಬ್ಬರು ಪಕ್ಕದವನಿಗೆ, "ಮಾತು ಅಂದ್ರೆ ಇದು ಕಣ್ಲಾ" ಎಂದದ್ದು ಕೇಳಿಸಿತು. ಅದೊಂದು ಮಾತಿಗೆ ನಾನು ಇನ್ನೂ ಅರ್ಧ ಗಂಟೆ ಮಾತಾಡಬಲ್ಲವನಾಗಿದ್ದೆ. ಅಧಿಕಾರಿಗಳು ಎದ್ದು ನಿಂತು ನಕ್ಷೆಯಲ್ಲಿ ನಮ್ಮ ಮರದ ಸುತ್ತ ಹಸಿರು ಪೆನ್ಸಿಲಿನಿಂದ ಒಂದು ಸೊನ್ನೆ ಸುತ್ತಿದರು. ಎಲ್ಲರಿಗಿಂತ ಹೆಚ್ಚು ಹೊತ್ತು ಚಪ್ಪಾಳೆ ತಟ್ಟಿದವನು ಪುಟ್ಟಮಾದಪ್ಪ. ಅಷ್ಟೇ ಅಲ್ಲ, ನಕ್ಷೆಯನ್ನು ಒಂದು ಗಳಿಗೆ ದಿಟ್ಟಿಸಿ ನೋಡಿ, "ನಂಗೂ ಈಗ ಬುದ್ಧಿ ಬಂತು ಸಾ. ಬಾವ್ಲಿ ಉಳ್ಸಕ್ಕೆ ಒಂದು ಸಮಿತಿ ಆಗ್ಲಿ, ಪೋಸ್ಟ್‌ಮಾಸ್ಟ್ರೇ ಅಧ್ಯಕ್ಸರಾಗ್ಲಿ" ಎಂದ. ಸೋತವನು ಇಷ್ಟು ದೊಡ್ಡ ಮನಸ್ಸು ಮಾಡಿದ್ದನ್ನು ನಾನು ಅದುವರೆಗೆ ನೋಡಿರಲಿಲ್ಲ.

"ಹೇಳಿದ್ರಾ?" ಎಂದಳು ಹೆಂಡತಿ, ಮನೆಗೆ ಬಂದಾಗ.

"ಹೇಳಿದೆ."

"ಮರದ ವಿಷಯ?"

"ಮರದ ವಿಷಯವೇ ಹೇಳಿದೆ" ಎಂದು ಅಂಗಿ ಬಿಚ್ಚಿ ಮೊಳೆಗೆ ನೇತುಹಾಕಿದೆ. ಅದು ತಲೆಕೆಳಗಾಗಿ ನೇತಾಡಿತು.

ಮಾರನೆಯ ದಿನ ಸೊಪ್ಪು ಮಾರುವವಳು ಗೇಟಿನ ಆಚೆಯಿಂದಲೇ, "ನಿಮ್ಮೋರು ಬಾವ್ಲಿಗಳ ಅಧ್ಯಕ್ಸರಾದ್ರಂತಲ್ಲ ಕನವ್ವ" ಎಂದು ಶುಭ ಕೋರಿದಳು. ಅವತ್ತು ನಮ್ಮ ಮನೆಯಲ್ಲಿ ಸಾರಿಗೆ ಉಪ್ಪಿರಲಿಲ್ಲ, ಮಾತೂ ಇರಲಿಲ್ಲ. ಆ ಗಂಟನ್ನು ಬಿಡಿಸಿದವಳು ಸುಮ. "ನಾನು ಹುಟ್ಟಿ ಬೆಳೆದದ್ದೂ ಆ ಮರದ ಕೆಳಗೇ ಅಲ್ವೇನಮ್ಮ? ಅತ್ತೆಗೆ ನಾನು ಹೇಳ್ತೀನಿ. ಬಟ್ಟೆ ಜಗಲೀಲಿ ಒಣಗಿಸಿದ್ರಾಯ್ತು" ಎಂದು ಪಕ್ಕದ ಮನೆಗೆ ಫೋನು ಮಾಡಿ ಹೇಳಿದಳು. ನಮ್ಮ ಜಗಲಿಗೆ ಹೆಂಚಿನ ಸೂರಿದೆ, ಒಳ್ಳೆಯ ಗಾಳಿಯಿದೆ. ಇಷ್ಟು ಸುಲಭದ ಉಪಾಯ ನಮಗಿಬ್ಬರಿಗೂ ಹೊಳೆದಿರಲಿಲ್ಲ. ಕಂಬದಿಂದ ಕಂಬಕ್ಕೆ ಹಗ್ಗ ಕಟ್ಟಿದೆವು. ಹೆಂಡತಿ ನನ್ನ ಹಳೆಯ ಪಂಚೆಗಳನ್ನು ಹರಿದು, ಒಗೆದು, ಮಡಿಸಿಟ್ಟಳು. ಬೀಗಿತ್ತಿ ಬಂದು ಸೂರನ್ನು ನೋಡಿ, ಹೆಂಚನ್ನು ನೋಡಿ, ಸಂದುಗಳನ್ನೂ ನೋಡಿ, "ಈ ಜಗಲಿ ಇದ್ರೆ ಸರಿ" ಎಂದು ಒಪ್ಪಿದರು. ಸುಮ ಏಳನೇ ತಿಂಗಳಲ್ಲಿ ಬಂದಳು.

ಅವಳು ಬಂದ ವಾರವೇ ಅಳತೆಯವರೂ ಟೇಪು ಹಿಡಿದುಕೊಂಡು ಬಂದರು. ಮರದ ಬುಡದಿಂದ ಹಿಡಿದರು, ರಸ್ತೆ ದಾಟಿದರು, ನಮ್ಮ ಗೇಟನ್ನು ದಾಟಿದರು, ಅಂಗಳ ದಾಟಿದರು. ಜಗಲಿಯ ಒಳಗೋಡೆಯ ಮೇಲೆ, ನಾನು ದಿನಾ ಬೆನ್ನು ಒರಗಿಸಿ ಕೂರುವ ಜಾಗದಲ್ಲಿ, ಸುಣ್ಣದಲ್ಲಿ ಒಂದು ಗೀಟು ಎಳೆದರು. ರಸ್ತೆ ಅಗಲವಾಗಲೇಬೇಕು, ಆ ಕಡೆ ಮರವಿದೆ, ಆದ್ದರಿಂದ ಈ ಕಡೆ. ಮರ ಒಂದು ಕಡೆ, ಮನೆ ಇನ್ನೊಂದು ಕಡೆ ಎಂಬುದು ನನಗೆ ಹುಟ್ಟಿದಾಗಿನಿಂದ ಗೊತ್ತು. ನಡುವೆ ರಸ್ತೆ ಇದೆ ಎಂಬುದನ್ನು ಭಾಷಣದ ಭರದಲ್ಲಿ ಮರೆತಿದ್ದೆ. ಮರೆಯದವನು ಒಬ್ಬನಿದ್ದ. ಪುಟ್ಟಮಾದಪ್ಪ ತನ್ನ ಜಾಗದ ಅಂಚಿನಲ್ಲಿ ನಿಂತು, ಒಂದು ಅಂಗುಲವನ್ನೂ ಕಳೆದುಕೊಳ್ಳದೆ, ಮರದ ನೆರಳಿನಲ್ಲಿ ಅಂಗಡಿಗಳಿಗೆ ಎಷ್ಟು ತಂಪಿರುತ್ತದೆ ಎಂದು ಯಾರಿಗೋ ವಿವರಿಸುತ್ತಿದ್ದ. ನನ್ನನ್ನು ಕಂಡು, "ಪರಕೃತಿ ಅಂದ್ರೆ ನಮ್ ಪೋಸ್ಟ್‌ಮಾಸ್ಟ್ರು ಜೀವಾನೇ ಕೊಡೋರು. ಜಗ್ಲಿ ಯಾವ ಲೆಕ್ಕ" ಎಂದ.

ಆಕ್ಷೇಪಣೆಗೆ ಅವಕಾಶವಿತ್ತು. ಬಾಣಂತನ ಮುಗಿಯುವ ತನಕವಾದರೂ ಜಗಲಿಯನ್ನು ಮುಟ್ಟಬಾರದು ಎಂದು ಹೇಳಲು ಅದೇ ಬಿಳಿ ಅಂಗಿ ತೊಟ್ಟು ಹೊರಟೆ. ಹೆಂಡತಿ ಈ ಸಲ ಏನೂ ಹೇಳಿಕೊಡಲಿಲ್ಲ. ಬಾಗಿಲಲ್ಲಿ ನಿಂತು ನೋಡಿದಳು, ಅಷ್ಟೆ.

ಕಚೇರಿಯಲ್ಲಿ ಆ ಯುವ ಅಧಿಕಾರಿಗಳು ನನ್ನನ್ನು ಕಂಡೊಡನೆ ಕುರ್ಚಿಯಿಂದ ಎದ್ದರು. ನನ್ನ ಸರ್ವೀಸಿನಲ್ಲಿ ನನ್ನನ್ನು ಕಂಡು ಯಾರೂ ಎದ್ದದ್ದಿಲ್ಲ. ಸ್ಟಾಂಪು ಕೊಳ್ಳಲು ಬಂದವರು ಮೊದಲೇ ನಿಂತಿರುತ್ತಿದ್ದರು. ಕಾಫಿ ತರಿಸಿದರು. ಬಂದವರಿಗೆಲ್ಲ ನನ್ನನ್ನು ತೋರಿಸಿ, "ಇವರೇ ಸಾರ್ ಅವರು. ಮರ ಉಳೀಲಿ, ಬೇಕಾದ್ರೆ ನನ್ನ ಮನೆ ಹೋಗಲಿ ಅಂದವರು. ಇಂಥವರು ಊರಿಗೊಬ್ಬರಿದ್ದರೆ ಸಾಕು" ಎಂದರು. ಮನೆ ಹೋಗಲಿ ಎಂದು ನಾನು ಎಲ್ಲಿಯೂ ಅಂದಿರಲಿಲ್ಲ. ಆದರೆ ಅವರ ಬಾಯಲ್ಲಿ ಅದು ಎಷ್ಟು ಚೆನ್ನಾಗಿ ಕೇಳಿಸಿತೆಂದರೆ, ಅನ್ನಲಿಲ್ಲ ಎಂದು ತಿದ್ದಲು ನಾಲಿಗೆ ಏಳಲಿಲ್ಲ. ನಾಲಿಗೆಯ ಬದಲು ಕೈ ಎದ್ದಿತು. ಅವರು ಒಪ್ಪಿಗೆಪತ್ರದ ಮೇಲೆ ತೋರಿಸಿದ ಜಾಗದಲ್ಲಿ ನನ್ನ ದುಂಡಗಿನ ಅಕ್ಷರದ ರುಜು ಬಿತ್ತು.

ಕೊಡೆಯನ್ನು ಅಲ್ಲೇ ಮರೆತು ಬಂದದ್ದು ಗೊತ್ತಾದದ್ದು ನಮ್ಮ ಗೇಟಿನ ಹತ್ತಿರ, ಕೊಂಬೆಯ ಕೆಳಗೆ ನಿಂತಾಗ. ಮುಸ್ಸಂಜೆಯಾಗಿತ್ತು. ನನ್ನ ಸಮಿತಿಯ ಸದಸ್ಯರು ಒಬ್ಬೊಬ್ಬರಾಗಿ ರೆಕ್ಕೆ ಬಿಡಿಸಿ ಹೊಳೆಯ ಕಡೆಗೆ ಹೊರಡುತ್ತಿದ್ದರು. ಸುಣ್ಣದ ಗೀಟಿನ ಮುಂದೆ ಪುಟ್ಟ ಬಟ್ಟೆಗಳಿಗೆಂದು ಕಟ್ಟಿದ ಹಗ್ಗ ಖಾಲಿ ತೂಗುತ್ತಿತ್ತು. ನೋಡುತ್ತ ನಿಂತುಬಿಟ್ಟೆ. ಆಕಾಶದ ತುಂಬ ಅವು ಹಾರುವುದನ್ನು ಕೊಡೆಯಿಲ್ಲದೆ ನೋಡಿದ್ದು ಅದೇ ಮೊದಲು, ಚಂದವಾಗಿಯೇ ಇತ್ತು. ಹೊರಟ ಸದಸ್ಯರಲ್ಲಿ ಕೆಲವರು ಅಧ್ಯಕ್ಷರ ಬಗ್ಗೆ ತಮ್ಮ ಅಭಿಪ್ರಾಯವನ್ನು ನೇರವಾಗಿ ನನ್ನ ತಲೆಯ ಮೇಲೆ ದಾಖಲಿಸಿ ಹೋದರು.

ಹೆಂಡತಿ ಟವೆಲು ತಂದು ಕೈಗೆ ಕೊಟ್ಟಳು. "ಒಪ್ಪಿಗೆ ಕೊಟ್ಟು ಬಂದ್ರಾ?" ಎಂದಳು, ಹವಾ ಹೇಗಿದೆ ಎಂದು ಕೇಳುವಷ್ಟು ಸಮಾಧಾನವಾಗಿ.

ನಾನು ತಲೆ ಒರೆಸಿಕೊಳ್ಳತೊಡಗಿದೆ. ಟವೆಲಿನೊಳಗೆ ತಲೆ ಮೇಲಕ್ಕೂ ಕೆಳಕ್ಕೂ ಆಡಿದ್ದನ್ನು ನೋಡಿ ಅವಳು ಉತ್ತರ ತಿಳಿದುಕೊಂಡು, ಹಗ್ಗ ಬಿಚ್ಚಲು ಜಗಲಿಗೆ ಹೋದಳು.