ಭಾವನ ಲೆಕ್ಕದಲ್ಲಿ ಒಬ್ಬರು ಕಮ್ಮಿ

ತೆರಕಣಾಂಬಿಯ ನಮ್ಮ ಭಾವನ ಮನೆಗೆ ಊಟಕ್ಕೆ ಹೋಗುವವರಿಗೆ ಹೊಟ್ಟೆಯಲ್ಲಿ ಹಸಿವಿದ್ದರೆ ಸಾಲದು, ಓಡಲು ಕಾಲಲ್ಲಿ ಕಸುವೂ ಇರಬೇಕು. ಎಲೆ ಹಾಕಿ, ನೀರು ಚಿಮುಕಿಸಿ, ಇನ್ನೇನು ಅನ್ನದ ಮೇಲೆ ಸಾರು ಬೀಳಬೇಕು ಅನ್ನುವಷ್ಟರಲ್ಲಿ ಪೀ ಎಂದು ಸೀಟಿ ಕೇಳಿಸುತ್ತದೆ. ಕೇಳಿಸಿತೋ, ಮುಗಿಯಿತು. ತುತ್ತು ಕೈಯಲ್ಲಿರಲಿ ಬಾಯಲ್ಲಿರಲಿ, ಎದ್ದು ಮನೆ ಮುಂದಿನ ಹೊಂಗೆ ಮರದ ಕೆಳಗೆ ಹೋಗಿ ನಿಲ್ಲಬೇಕು. ಮನೆಗೆ ಬೆಂಕಿ ಬಿದ್ದಿದೆಯೇ? ಇಲ್ಲ. ನೆಲ ನಡುಗಿದೆಯೇ? ಅದೂ ಇಲ್ಲ. ಮುಂದೆಂದಾದರೂ ಬಿದ್ದರೆ, ನಡುಗಿದರೆ ಏನು ಮಾಡಬೇಕು ಅಂತ ನಮಗೆ ತರಬೇತಿ! ವಾಪಸು ಬರುವಷ್ಟರಲ್ಲಿ ಸಾರು ಆರಿ ತಣ್ಣಗಾಗಿರುತ್ತದೆ.

ಭಾವ ಅಂದರೆ ನನ್ನ ಅಕ್ಕನ ಗಂಡ. ಗುಂಡ್ಲುಪೇಟೆ ಕಡೆಯ ಬಸ್ಸುಗಳಲ್ಲಿ ಕಂಡಕ್ಟರಾಗಿದ್ದು ನಿವೃತ್ತರಾದವರು. ಕೆಲಸ ಬಿಡುವ ದಿನ ಟಿಕೆಟ್ ಮಿಷನ್ನು, ಚೀಲ ಎಲ್ಲವನ್ನೂ ಒಪ್ಪಿಸಿ ಬಂದರು, ಸೀಟಿಯೊಂದನ್ನು ಮಾತ್ರ ಕೊಡಲಿಲ್ಲ. ಈಗಲೂ ಮದುವೆ ಮನೆಯಲ್ಲಿ ಊಟದ ಪಂಕ್ತಿ ತುಂಬಿದ ಕೂಡಲೇ ಅವರ ಬಾಯಿಂದ ತಾನಾಗಿಯೇ 'ರೈಟ್' ಹೊರಡುತ್ತದೆ. ಬಡಿಸುವವರು ಪಾಪ, ಅದನ್ನೇ ಅಪ್ಪಣೆ ಎಂದುಕೊಂಡು ಬಡಿಸಲು ಶುರು ಮಾಡುತ್ತಾರೆ.

ಜೊತೆಗೆ ತಲೆ ಎಣಿಸುವ ಚಟ. ಇದಕ್ಕೊಂದು ಕಾರಣವಿದೆ ಅಂತ ಅಕ್ಕ ಹೇಳುತ್ತಾಳೆ. ಒಮ್ಮೆ ಬಂಡೀಪುರದ ಕಾಡಿನ ದಾರಿಯಲ್ಲಿ ಬಸ್ಸು ಪಂಕ್ಚರಾಗಿ ಜನ ಕೆಳಗಿಳಿದಿದ್ದರಂತೆ. ಚಕ್ರ ಬದಲಾಯಿತು, ಭಾವ ಸೀಟಿ ಊದಿದರು, ಬಸ್ಸು ಹೊರಟಿತು. ಸ್ವಲ್ಪ ದೂರ ಹೋದ ಮೇಲೆ ನೋಡುತ್ತಾರೆ, ಗಂಟು ಇದೆ, ಗಂಟಿನ ಅಜ್ಜಿ ಇಲ್ಲ! ಬಸ್ಸು ಹಿಂದಕ್ಕೆ ಓಡಿತು. ಅಜ್ಜಿ ರಸ್ತೆ ಪಕ್ಕದ ಕಲ್ಲಿನ ಮೇಲೆ ಕೂತು ಎಲೆಅಡಿಕೆ ಜಗಿಯುತ್ತಿದ್ದಳಂತೆ. "ಬಂದ್ಯಾ? ಬತ್ತೀಯ ಅಂತ ಗೊತ್ತಿತ್ತು ಕಣಪ್ಪ" ಅಂದಳಂತೆ. ಅಜ್ಜಿಗೆ ಏನೂ ಆಗಲಿಲ್ಲ, ಆದದ್ದೆಲ್ಲ ಭಾವನಿಗೆ. ಯಾರನ್ನಾದರೂ ಹಿಂದೆ ಬಿಟ್ಟು ಬಂದೆನೇ ಎಂಬ ಭಯ ಅಂದು ಹತ್ತಿದ್ದು, ನಿವೃತ್ತಿಯಾದ ಮೇಲೂ ಇಳಿದಿಲ್ಲ.

ಇಂಥವರಿಗೆ ಸರ್ಕಾರದವರು ಚಾಮರಾಜನಗರದಲ್ಲಿ ವಿಪತ್ತು ನಿರ್ವಹಣೆಯ ತರಬೇತಿ ಕೊಟ್ಟರೆ ಏನಾಗಬೇಕು? ಮೊದಲೇ ಕೋತಿ, ಅದಕ್ಕೆ ಹೆಂಡ ಕುಡಿಸಿದ ಹಾಗಾಯಿತು. ಗುಂಡ್ಲುಪೇಟೆಯಲ್ಲಿ ನೌಕರಿ ಮಾಡುವ ನಾನು, ಅದರ ಕೊನೆಯ ದಿನ ಕಚೇರಿ ಕೆಲಸದ ಮೇಲೆ ಅಲ್ಲಿಗೆ ಹೋಗಿದ್ದವನು, ಭಾವ ಏನು ಕಲಿಯುತ್ತಿದ್ದಾರೆ ನೋಡೋಣ ಅಂತ ಸಭಾಂಗಣಕ್ಕೆ ಹೊಕ್ಕೆ.

ನೀವೂ ನೋಡಬೇಕಿತ್ತು. 'ತುರ್ತು ನಿರ್ಗಮನ' ಎಂದು ಹಸಿರು ಅಕ್ಷರದಲ್ಲಿ ಬರೆದ ಬಾಗಿಲಿಗೆ ಬೀಗ. ಬೀಗದ ಕೈ ಇಟ್ಟುಕೊಂಡಿದ್ದವನು ರಜೆ. ಬಾಗಿಲಿಗೆ ಅಡ್ಡಲಾಗಿ ಪ್ಲಾಸ್ಟಿಕ್ ಕುರ್ಚಿಗಳ ರಾಶಿ. ಬೆಂಕಿ ಆರಿಸಲೆಂದು ಇಟ್ಟ ಮರಳಿನ ಬಕೆಟ್ಟಿನಲ್ಲಿ ಉಗಿದು ಉಗಿದು ಮರಳೇ ಕೆಂಪಾಗಿತ್ತು. ಪರದೆಯ ಮೇಲೆ ಸುನಾಮಿ ಬಂದರೆ ಏನು ಮಾಡಬೇಕೆಂಬ ಪಾಠ ನಡೆದಿತ್ತು. ಸುನಾಮಿ ನಮ್ಮ ಜಿಲ್ಲೆಗೆ ಬರಬೇಕಾದರೆ ಕೇರಳ ದಾಟಿ, ಘಾಟಿ ಹತ್ತಿ, ಆಮೇಲೆ ರಾತ್ರಿ ಹೊತ್ತು ಮುಚ್ಚುವ ಬಂಡೀಪುರದ ಗೇಟಿನಲ್ಲಿ ಲಾರಿಗಳ ಹಿಂದೆ ಬೆಳಗಾಗುವವರೆಗೆ ಕಾಯಬೇಕು! ಹರವೆ ಕಡೆಯ ರೈತರೊಬ್ಬರು ಎದ್ದು ನಿಂತು, "ಸ್ವಾಮಿ, ಜಮೀನ್ಗೆ ಆನೆ ಬಂದ್ರೆ ಏನ್ ಮಾಡ್ಬೇಕು ಅಂತ ಒಸಿ ಹೇಳ್ಕೊಡಿ" ಎಂದರು.

"ಅದು ನಮ್ಮ ಸಿಲಬಸ್ಸಲ್ಲಿಲ್ಲ. ಅರಣ್ಯ ಇಲಾಖೆಯವರನ್ನ ಕೇಳಿ" ಎಂದರು ಪಾಠ ಹೇಳುತ್ತಿದ್ದವರು.

ಕೊನೆಗೆ ಅಣಕು ಭೂಕಂಪ. ಮುಖ್ಯ ಅತಿಥಿಗಳು ಬರುವುದು ತಡವಾದ್ದರಿಂದ ಭೂಕಂಪವನ್ನು ಊಟದ ನಂತರಕ್ಕೆ ಮುಂದೂಡಿದರು. ಗಾಯಾಳುಗಳು ತಲೆಗೆ ಬ್ಯಾಂಡೇಜು ಸುತ್ತಿಕೊಂಡೇ ಸಾಲಿನಲ್ಲಿ ನಿಂತು ಪಲಾವ್ ಹಾಕಿಸಿಕೊಂಡರು. ಅತಿಥಿಗಳು ಬಂದರು, ಫೋಟೊ ತೆಗೆಸಿಕೊಂಡರು, ಭೂಕಂಪಕ್ಕೆ ನಿಲ್ಲದೆ ಹೊರಟರು. ಭಾವನಿಗೆ ಇದ್ಯಾವುದೂ ಕಾಣಲೇ ಇಲ್ಲ. ಕಿತ್ತಳೆ ಬಣ್ಣದ ಜಾಕೀಟು ತೊಟ್ಟು, ಹಳದಿ ಹೆಲ್ಮೆಟ್ಟು ಹಾಕಿಕೊಂಡು, ಮದುಮಗನ ಗತ್ತಿನಲ್ಲಿ ನನ್ನ ಪಕ್ಕ ಬಸ್ಸಿನಲ್ಲಿ ಕೂತರು. ಕಂಡಕ್ಟರ್ ಅವರನ್ನು ಗುರುತು ಹಿಡಿದು, "ಏನಣ್ಣ, ಗಣಿ ಕೆಲಸಕ್ಕೆ ಸೇರ್ಕಂಡ್ಯಾ?" ಎಂದು ಕೇಳಿದ.

ಮನೆಯಲ್ಲಿ ನಡೆದ ಮೊದಲ ತಾಲೀಮಿಗೆ ನಾನು ಸಾಕ್ಷಿ. ಮನೆಗೆ ಬೆಂಕಿ ಬಿದ್ದಿದೆ ಎಂದು ಭಾವಿಸಿಕೊಳ್ಳಬೇಕಿತ್ತು. ನಾವೆಲ್ಲ ಬಾಗಿಲ ಕಡೆ ಓಡಿದೆವು. ಬಾಗಿಲಲ್ಲಿ ನಿಂತ ಭಾವ ಸೀಟಿ ಊದಿ, ಎರಡೂ ಕೈ ಬೀಸಿ, "ಒಳಕ್ಕೋಗಿ, ಒಳಕ್ಕೋಗಿ, ಜಾಗ ಅದೆ, ಒಳಕ್ಕೋಗಿ" ಎಂದು ನಮ್ಮನ್ನೆಲ್ಲ ಉರಿಯುವ ಮನೆಯೊಳಕ್ಕೆ ನೂಕಿದರು! ಜೀವಮಾನವಿಡೀ ಜನರನ್ನು ಒಳಗೆ ತುಂಬಿಸಿದ ಕೈ, ಒಂದು ಸರ್ಟಿಫಿಕೇಟಿಗೆ ಹೊರಗೆ ಕಳಿಸುವುದನ್ನು ಕಲಿತೀತೇ? ಆ ದಿನ ಲೆಕ್ಕಕ್ಕೆ ನಾವು ಎಲ್ಲರೂ ಸುಟ್ಟುಹೋದೆವು.

ಅದಾದರೂ ತಿದ್ದಿಕೊಂಡರು. ತಿದ್ದದೆ ಉಳಿದದ್ದು ತಲೆ ಎಣಿಕೆ. ಮನೆಯಲ್ಲಿ ಎಷ್ಟು ಎಲೆ ಹಾಕಿದೆಯೋ ಮರದ ಕೆಳಗೆ ಅಷ್ಟು ತಲೆ ಇರಬೇಕು, ಇದು ಅವರ ಸೂತ್ರ. ಎಲ್ಲರೂ ನಿಂತ ಮೇಲೆ ಮುಂದಿನಿಂದ ಒಂದು ಸಲ, ಹಿಂದಿನಿಂದ ಒಂದು ಸಲ ಎಣಿಸುತ್ತಾರೆ. ಪ್ರತಿ ಸಲವೂ ಒಬ್ಬರು ಕಮ್ಮಿ. ಒಳಗೆ ಓಡಿ ಮಂಚದ ಕೆಳಗೆ, ಬಚ್ಚಲಲ್ಲಿ, ರಾಗಿ ಮೂಟೆಗಳ ಹಿಂದೆ ಹುಡುಕುತ್ತಾರೆ. ಅಕ್ಕ ಮರದ ಕೆಳಗಿಂದಲೇ ಕೂಗುತ್ತಾಳೆ:

"ನಿಮ್ಮುನ್ನ ಎಣಿಸ್ಕಂಡ್ರಾ?"

"ಕಂಡಕ್ಟ್ರು ಪ್ಯಾಸೆಂಜರ್ ಲೆಕ್ಕಕ್ಕೆ ಬರಕಿಲ್ಲ ಕಣಮ್ಮಿ."

"ಮತ್ತೆ ಎಲೆ ಯಾಕ್ ಹಾಕುಸ್ಕಂಡ್ರಿ?"

ಭಾವ ಮತ್ತೆ ಮುಂದಿನಿಂದ ಎಣಿಸತೊಡಗುತ್ತಾರೆ.

ಈ ನಾಟಕವನ್ನು ಮನಸಾರೆ ಮೆಚ್ಚುತ್ತಿದ್ದವರು ಒಬ್ಬರೇ, ನಮ್ಮ ಅವ್ವ. ಅವಳಿಗೆ ಮಂಡಿನೋವು, ಕೂತರೆ ಏಳಲಾರಳು. ಆದ್ದರಿಂದ ಎಲ್ಲ ವಿಪತ್ತುಗಳಲ್ಲೂ ಅವಳೇ ಖಾಯಂ ಗಾಯಾಳು. ಭಾವನೂ ನಾನೂ ಅವಳನ್ನು ಕುರ್ಚಿ ಸಮೇತ ಎತ್ತಿ ಹೊರಗೆ ತರಬೇಕು. ಪಲ್ಲಕ್ಕಿ ಏರಿದವಳಂತೆ ಕೂತು, "ಅಳಿಮಯ್ಯ, ನಾಳಿಕ್ಕೂ ಬೆಂಕಿ ಬೀಳ್ತದಾ?" ಎಂದು ಕೇಳುತ್ತಿದ್ದಳು. ನನಗೋ, ಸೊಂಟ ಬಿದ್ದುಹೋಗುತ್ತಿತ್ತು. ಊರೆಲ್ಲ ಆಡಿಕೊಂಡು ನಗುತ್ತಿತ್ತು, ಎಲ್ಲರಿಗಿಂತ ಜೋರಾಗಿ ನಾನು ನಗುತ್ತಿದ್ದೆ.

ಈ ಸಲದ ಪಿತೃಪಕ್ಷದಲ್ಲಿ ಹಿರಿಯರ ಹಬ್ಬಕ್ಕೆ ನಾವೆಲ್ಲ ಅಕ್ಕನ ಮನೆಯಲ್ಲಿ ಸೇರಿದ್ದೆವು. ಅವ್ವ ಕೂತಲ್ಲೇ ಬಾಳೆ ಎಲೆಗಳನ್ನು ಒದ್ದೆ ಬಟ್ಟೆಯಲ್ಲಿ ಒರೆಸಿ ಜೋಡಿಸಿಟ್ಟಿದ್ದಳು. ಹಿತ್ತಿಲ ಕಡೆಯ ಅಡುಗೆಮನೆಯಲ್ಲಿ ಕಜ್ಜಾಯದ ಎಣ್ಣೆ ಗ್ಯಾಸ್ ಒಲೆಯ ಮೇಲಿತ್ತು. ಅಕ್ಕ ಎಡೆ ಇಡಲು ನಡುಮನೆಗೆ ಬಂದಿದ್ದಳು. ಸಾಂಬ್ರಾಣಿ ಹೊಗೆಯಲ್ಲಿ ಒಬ್ಬರ ಮುಖ ಒಬ್ಬರಿಗೆ ಕಾಣುತ್ತಿರಲಿಲ್ಲ. ಆಗ ಪೀ ಎಂದಿತು ಸೀಟಿ.

"ಹಿರೀಕರ ಮುಂದೆನೂ ಬುಡಕಿಲ್ವಲ್ಲ ಇವ್ರು" ಎಂದು ಅಕ್ಕ ಬೈದುಕೊಂಡೇ ಹೊರಗೆ ನಡೆದಳು. ಉಳಿದವರೂ ಗೊಣಗುತ್ತ, ಹಗ್ಗ ಹಿಡಿದರೆ ನಡೆಯುವ ದನಗಳ ಹಾಗೆ ಹಿಂದೆ ಹೋದರು. ಭಾವ ಸೀಟಿ ಹಲ್ಲಿನಲ್ಲಿ ಕಚ್ಚಿಕೊಂಡೇ ಅವ್ವನ ಕುರ್ಚಿಗೆ ಕೈ ಹಾಕಿದರು. ನಾನು ಇನ್ನೊಂದು ಕಡೆ ಹಿಡಿದೆ. ಕುರ್ಚಿಯನ್ನು ಮರದ ಕೆಳಗೆ ಇಳಿಸಿ, ಬೆನ್ನು ನೀವಿಕೊಂಡು, ಈ ಭಾವನ ಕಾಟ ಸರ್ಕಾರದವರಿಗೇ ತಟ್ಟಲಿ ಅಂತ ಒಂದಷ್ಟು ಭಾಷಣ ಮಾಡಿದೆ. ಎಲ್ಲರೂ ಚೆನ್ನಾಗಿ ನಕ್ಕರು. ಎಣಿಕೆ ಇನ್ನೂ ಶುರುವಾಗದ್ದರಿಂದ ಅವ್ವನೇ ಬೆರಳು ಮಾಡಿ ಎಣಿಸತೊಡಗಿದಳು.

"ಒಬ್ರು ಕಮ್ಮಿ ಕಣ್ರವ್ವ" ಎಂದಳು.

"ಅಳಿಯನ ಗಾಳಿ ನಿಂಗೂ ಸೋಕ್ತಾ?" ಎಂದೆ. "ಭಾವ ಯಾವತ್ತು ತಮ್ಮನ್ನ ಎಣಿಸ್ಕಂಡವ್ರೆ?"

"ಇವತ್ತು ಎಣಿಸ್ದೋಳು ನಾನು ಕಣ್ಲಾ" ಎಂದಳು ಅವ್ವ. "ನಿನ್ ಭಾವ ಎಲ್ಲವ್ರೆ?"

ನಗು ನಿಂತುಹೋಯಿತು. ಕುರ್ಚಿ ಇಳಿಸಿದ ಕೂಡಲೇ ಭಾವ ಮತ್ತೆ ಒಳಗೆ ಹೋದದ್ದನ್ನು ನಾವು ಯಾರೂ ಗಮನಿಸಿರಲಿಲ್ಲ. ಮನೆಯ ಹಿಂದಿನಿಂದ ಕಪ್ಪು ಹೊಗೆ ಏಳುತ್ತಿತ್ತು. ಅದು ಸಾಂಬ್ರಾಣಿಯದಲ್ಲ. ಅಕ್ಕ ಬರಿಗಾಲಿನಲ್ಲಿ ಹಿತ್ತಿಲ ಕಡೆ ಓಡಿದಳು, ಅವಳ ಹಿಂದೆ ನಾನು. ಇಷ್ಟು ಸಲ ತರಬೇತಿ ಪಡೆದವನಿಗೆ ಆ ಹೊತ್ತಿಗೆ ನೆನಪಾದದ್ದು ಒಂದೇ, ಇಷ್ಟು ಹೊತ್ತು ಅವರನ್ನು ಆಡಿಕೊಂಡು ನಗುತ್ತಿದ್ದೆ ಎನ್ನುವುದು.

ಹಿತ್ತಿಲ ಬಾಗಿಲಿನಿಂದ ಮೊದಲು ಗ್ಯಾಸ್ ಸಿಲಿಂಡರು ಉರುಳುತ್ತ ಬಂತು. ಅದರ ಹಿಂದೆ ಭಾವ. ಹುಬ್ಬು ಸುಟ್ಟಿತ್ತು, ಮುಖ ಮಸಿಯಾಗಿತ್ತು. ಹೊತ್ತಿಕೊಂಡ ಎಣ್ಣೆ ಬಾಣಲೆಗೆ ಒದ್ದೆ ಗೋಣಿಚೀಲ ಮುಚ್ಚಿ ಬಂದಿದ್ದರು. ಸೀಟಿ ಇನ್ನೂ ಹಲ್ಲಿನ ನಡುವೆಯೇ ಇತ್ತು. ಉಸಿರೆಳೆಯಲು ಒದ್ದಾಡಿ ಕೆಮ್ಮಿದಾಗಲೆಲ್ಲ ಅದು ಪೀ, ಪೀ ಎನ್ನುತ್ತಿತ್ತು. ನಗಲು ಯಾರಿಂದಲೂ ಆಗಲಿಲ್ಲ.

ಅಕ್ಕ ಅವರ ಬಾಯಿಂದ ಸೀಟಿ ಕಿತ್ತುಕೊಂಡಳು. "ಎಲ್ಲಾರ್ನೂ ಈಚಿಗೆ ಕಳ್ಸಿ, ನೀವೊಬ್ರೇ ಒಳ್ಗಿದ್ರೆ ಅದ್ಯಾವ ಸೀಮೆ ಲೆಕ್ಕ?" ಎಂದಳು.

"ಕಂಡಕ್ಟ್ರು ಕೊನೇಲಿ ಇಳೀಬೇಕು ಕಣಮ್ಮಿ" ಎಂದರು ಭಾವ, ಕೆಮ್ಮುತ್ತ. "ಎಲ್ರೂ ಬಂದವ್ರಾ? ಎಣಿಸುದ್ರಾ?"

ಅವರ ತೋಳು ಹಿಡಿದುಕೊಂಡೇ ಅಕ್ಕ ಹೊಂಗೆ ಮರದವರೆಗೆ ಕರೆತಂದಳು. ಅವ್ವ ಎರಡೂ ಕೈ ಚಾಚಿದ್ದಳು. ಅಕ್ಕ ಸೆರಗಿನಿಂದ ಅವರ ಮುಖದ ಮಸಿ ಒರೆಸಿದಳು. ಆಮೇಲೆ ಅವರ ಎದೆಯ ಮೇಲೆ ಬೆರಳಿಟ್ಟು "ಒಂದು" ಎಂದಳು. ಬೆರಳು ಅಲ್ಲೇ ತುಸು ಹೊತ್ತು ನಿಂತಿತು. ಅದಾದ ಮೇಲೆ ಉಳಿದವರನ್ನು ಎಣಿಸತೊಡಗಿದಳು.